ಎದುರು ದಂಡೆಯಿಂದ

ನಮ್ಮ ಹಲವಾಗಲು ತುಂಗಭದ್ರೆಯ ದಂಡೆಯ ಮೇಲಿರುವ ಊರು. ಈಚೆಯ ದಂಡೆ ಹರಪನಹಳ್ಳಿ ತಾಲ್ಲೂಕಿನದು. ಆಚೆಯದು ರಾಣೆಬೆನ್ನೂರು ಸೀಮೆಯದು. ನಾನು ಎಂಟು ಹತ್ತು ವರ್ಷದ ಹುಡುಗನಾಗಿದ್ದಾಗ ನಮ್ಮ ತಂದೆಯವರು ಒಂದು ದಿನ ನನ್ನನ್ನು ಹರಿಗೋಲಿನಲ್ಲಿ ಕುಳ್ಳಿರಿಸಿಕೊಂಡು ಆಚೆಯ ದಂಡೆಗೆ ಕರೆದೊಯ್ದರು. ಅಲ್ಲಿ ಇಳಿದ ಮೇಲೆ, “ಈಗ ತಿರುಗಿ ನಮ್ಮ ದಂಡೆಯನ್ನು ನೋಡು” ಎಂದರು. ನೋಡಿದೆನು. ನಾವು ದಿನವೂ ಎಮ್ಮೆ ಕಟ್ಟುತ್ತಿದ್ದ ಗೂಟದ ಕೆಳಗೆ ಹೊಳೆಯು ಮಣ್ಣನ್ನು ಕೊರೆದು ಆಳುದ್ದದ ಗವಿಯನ್ನು ಮಾಡಿತ್ತು. ಮೇಲೆ ಹುಲ್ಲು ಹಸುರಾಗಿತ್ತು. ಎಮ್ಮೆಯು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿತ್ತು. “ಅದರ ಮೇಲೆಯೇ ನಿಂತವನಿಗೆ ಅದು ಎಂದಿಗೂ ಕಾಣದು” ಎಂದು ತಂದೆಯವರು ಹೇಳಿ, ಮರುದಿನವೇ ಗೂಟವನ್ನು ಕಿತ್ತು ಹಿಂದಕ್ಕೆ ನೆಟ್ಟರು. ಆ ಮಳೆಗಾಲದಲ್ಲಿ ಆ ತುಂಡು ದಂಡೆಯು ಹೊಳೆಯ ಪಾಲಾಯಿತು.

ಈ ಸಂಗತಿಯು ನನಗೆ ಮತ್ತೆ ನೆನಪಾದುದು ಐವತ್ತು ವರ್ಷಗಳು ಕಳೆದ ಮೇಲೆ, 2013ನೆಯ ಇಸವಿಯ ಶ್ರಾವಣ ಮಾಸದಲ್ಲಿ. ಆದರೆ ಹೊಳೆಯ ವಿಷಯದಲ್ಲಿ ಅಲ್ಲ. ನಮ್ಮ ಮನೆಯ ಕಂಪ್ಯೂಟರಿನ ವಿಷಯದಲ್ಲಿ. ಇಂಥ ಯಂತ್ರಗಳ ಮಾತು ಮನೆವಾರ್ತೆಯ ಪತ್ರಿಕೆಗೆ ಏತಕ್ಕೆಂದು ವಾಚಕರು ಕೇಳಬಹುದು. ಈಗ ಮದುವೆಯ ಚಿತ್ರಗಳೂ, ಮಕ್ಕಳ ಅಂಕಪಟ್ಟಿಗಳೂ, ಜಮೀನಿನ ಪಹಣಿಗಳೂ ಇರುವುದು ಟ್ರಂಕಿನಲ್ಲಿ ಅಲ್ಲ, ಈ ಯಂತ್ರಗಳಲ್ಲಿ. ಆದುದರಿಂದ ಇದು ಮನೆವಾರ್ತೆಯ ಮಾತೇ ಆಗಿದೆ.

ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದವನು. ನಮ್ಮ ತಾಯಿಯವರಿಗೆ ಬೀಸುವ ಪದಗಳೂ, ಸೋಬಾನೆಯ ಪದಗಳೂ, ತೊಟ್ಟಿಲ ಪದಗಳೂ ನೂರಾರು ಬರುತ್ತಿದ್ದವು. ಅವರ ಕೊನೆಯ ಐದು ವರ್ಷಗಳಲ್ಲಿ ನಾನು ಸಂಜೆಯ ಹೊತ್ತು ಅವರ ಬಳಿ ಕುಳಿತು ಒಂದೊಂದನ್ನೇ ಹಾಡಿಸಿ, ಧ್ವನಿಯನ್ನು ಮುದ್ರಿಸಿಕೊಂಡು, ಮಾತನ್ನು ಬರೆದುಕೊಂಡೆನು. ಹೀಗೆ 214 ಪದಗಳಾದವು. 2012ರಲ್ಲಿ ತಾಯಿಯವರು ತೀರಿಕೊಂಡರು. ಮೊದಲನೆಯ ವರ್ಷಾಂತಿಕಕ್ಕೆ ಆ ಪದಗಳನ್ನು ಒಂದು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ ಬಂಧುಗಳಿಗೆ ಹಂಚಬೇಕೆಂಬುದು ನನ್ನ ಸಂಕಲ್ಪವಾಗಿತ್ತು.

ನಮ್ಮ ಕಂಪ್ಯೂಟರಿಗೆ ಇಬ್ಬರು ಯಜಮಾನರು. ಯಂತ್ರವೆಂಬುದು ಬರಿಯ ಮನೆ. ಅದರಲ್ಲಿ ದೀಪ ಹಚ್ಚಿ, ಬಾಗಿಲು ತೆರೆದು, ಯಾವ ಪಾತ್ರೆ ಎಲ್ಲಿದೆ ಎಂಬ ಲೆಕ್ಕವನ್ನು ಇಟ್ಟು ಸಂಸಾರವನ್ನು ನಡೆಯಿಸುವ ಯಜಮಾನನಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ನಾನು ಕನ್ನಡವನ್ನು ಬರೆಯುತ್ತಿದ್ದುದು ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ ‘ನುಡಿ’ಯಲ್ಲಿ, ಅದು ನಡೆಯುವುದು ವಿಂಡೋಸಿನಲ್ಲಿ. ಆದುದರಿಂದ ನನಗೆ ವಿಂಡೋಸು ಬೇಕು. ಕಾಲೇಜಿನಲ್ಲಿ ಓದುತ್ತಿದ್ದ ನನ್ನ ತಮ್ಮನ ಮಗನಿಗೆ ಲಿನಕ್ಸು ಬೇಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸನು ಆರಂಭಿಸಿದ ಈ ವ್ಯವಸ್ಥೆಯು ಹಣವಿಲ್ಲದೆ ದೊರೆಯುವಂಥದು. ಕೇರಳದ ಸರ್ಕಾರಿ ಶಾಲೆಗಳಲ್ಲಿ, ಅಂತೆಯೇ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿಯೂ, ಮಕ್ಕಳು ಕಂಪ್ಯೂಟರನ್ನು ಕಲಿಯುವುದು ಇದರಲ್ಲಿಯೇ. ಹುಡುಗನು ಎರಡನ್ನೂ ಒಂದೇ ಯಂತ್ರದಲ್ಲಿ ಇರಿಸಿದನು. ಒಬ್ಬನು ಎದ್ದಿರುವಾಗ ಇನ್ನೊಬ್ಬನು ಮಲಗಿರುತ್ತಾನೆ. ಇಬ್ಬರಿಗೂ ಸಾಮಾನ್ಯವಾಗಿ ಒಂದು ಹೊರಗಿನ ಡಿಸ್ಕನ್ನು ತಂದೆವು. ಅದು ನಮ್ಮ ಪಡಸಾಲೆ. ವಿಂಡೋಸಿನಲ್ಲಿ ಬರೆದುದನ್ನು ಲಿನಕ್ಸಿನಲ್ಲಿ ಓದಬಹುದು, ಲಿನಕ್ಸಿನಲ್ಲಿ ಇಟ್ಟುದನ್ನು ವಿಂಡೋಸಿನಲ್ಲಿ ತೆಗೆಯಬಹುದು. ತಾಯಿಯವರ ಪದಗಳೂ ಧ್ವನಿಯೂ ಅದರಲ್ಲಿದ್ದವು. ಅದರಲ್ಲಿ ಮಾತ್ರವೇ ಇದ್ದವು ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಆ ಶ್ರಾವಣದಲ್ಲಿ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಪೇಟೆಯ ಒಂದು ಅಚ್ಚಿನ ಅಂಗಡಿಗೆ ಹೋದೆನು. ಅಂಗಡಿಯವನು ಅದನ್ನು ತನ್ನ ಯಂತ್ರಕ್ಕೆ ಚುಚ್ಚಿ, ಏನೇನೋ ತೆರೆದು, ಪುಟಗಳ ಅಳತೆಯನ್ನು ಗೊತ್ತುಮಾಡಿಕೊಂಡು, “ವಾರ ಬಿಟ್ಟು ಪೂರ್ತಿಯಾಗಿ ತನ್ನಿರಿ” ಎಂದು ಹಿಂದಕ್ಕೆ ಕೊಟ್ಟನು. ಮನೆಗೆ ಬಂದು ವಿಂಡೋಸಿನಲ್ಲಿ ತೆರೆದರೆ, ನನ್ನ ಹತ್ತಾರು ಕಡತಗಳ ಬದಲಿಗೆ ಒಂದೇ ಒಂದು ಗುರುತು. ಅದರ ಹೆಸರೂ ಡಿಸ್ಕಿನ ಹೆಸರೇ. ಅಷ್ಟರಲ್ಲಿ ಯಂತ್ರದಲ್ಲಿದ್ದ ವೈರಸ್ ನಿವಾರಕವು ಎಚ್ಚತ್ತು, “ರೋಗ ಸಿಕ್ಕಿತು, ತೆಗೆದುಹಾಕಿದೆ” ಎಂದು ಸಾರಿತು. ಆ ಒಂದು ಗುರುತೂ ಹೋಯಿತು. ಈಗ ಡಿಸ್ಕು ಬರಿದು.

ನನಗೆ ಕಣ್ಣು ಕತ್ತಲಿಟ್ಟಿತು. ಕೂಡಲೇ ಅಂಗಡಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಆಡಿದೆನು. ನಿನ್ನ ಅಂಗಡಿಯ ಹೊಲಸು ನಮ್ಮ ಮನೆಗೆ ಬಂದಿತು, ನಮ್ಮ ತಾಯಿಯ ಧ್ವನಿಯನ್ನು ನೀನು ಕೊಂದೆ ಎಂದುಬಿಟ್ಟೆನು. ನಾಲ್ಕು ದಶಕ ಮಕ್ಕಳಿಗೆ ನಯವಾದ ಮಾತನ್ನು ಕಲಿಸಿದ ಬಾಯಿ ಅದು. ಅವನು ಮರುಮಾತಾಡಲಿಲ್ಲ.

ಬಲ್ಲವರೆನಿಸಿಕೊಂಡ ಒಬ್ಬರು, “ಇನ್ನೇನೂ ಉಳಿದಿಲ್ಲ, ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ಮಾಡಿಕೊಳ್ಳಿರಿ” ಎಂದು ಉಪದೇಶಿಸಿದರು. ಅಳಿಸುವುದಕ್ಕೆ ಕೈ ಇಟ್ಟೂ ಇದ್ದೆನು. ಹಿಂದೆ ನಿಂತಿದ್ದ ನನ್ನ ಪತ್ನಿಯು, “ಅದೇನು ಅಂಕಿ, ಆ ಮೂಲೆಯಲ್ಲಿ?” ಎಂದು ಕೇಳಿದಳು. ಡಿಸ್ಕಿನಲ್ಲಿ ಎಷ್ಟು ಸ್ಥಳ ತುಂಬಿದೆ ಎಂಬ ಲೆಕ್ಕ ಅದು. ಅರ್ಧಕ್ಕಿಂತ ಹೆಚ್ಚು ತುಂಬಿದೆ ಎಂದಿತ್ತು. “ಪೆಟ್ಟಿಗೆ ಬರಿದು ಅನ್ನುತ್ತೀರಿ, ಎತ್ತಿದರೆ ಭಾರವಾಗಿಯೇ ಇದೆ. ಭಾರವಾಗಿರುವ ಪೆಟ್ಟಿಗೆಯನ್ನು ಯಾರಾದರೂ ಒಲೆಗೆ ಹಾಕುತ್ತಾರೆಯೆ?” ಎಂದಳು. ಕೈಯನ್ನು ಹಿಂದಕ್ಕೆ ತೆಗೆದೆನು. ಆ ಮಾತು ಆ ಕ್ಷಣದಲ್ಲಿ ಬಾರದೆ ಇದ್ದಿದ್ದರೆ ಈ ಲೇಖನವನ್ನು ಬರೆಯುವ ಮನಸ್ಸು ನನಗೆ ಇರುತ್ತಿರಲಿಲ್ಲ.

ಶನಿವಾರ ಹುಡುಗನು ಬಂದನು. ಬಂದವನು ವಿಂಡೋಸನ್ನು ಎಬ್ಬಿಸಲೇ ಇಲ್ಲ. ಲಿನಕ್ಸನ್ನು ಎಬ್ಬಿಸಿ, ಡಿಸ್ಕನ್ನು ಓದುವುದಕ್ಕೆ ಮಾತ್ರ ಅನುಮತಿಯಿರುವಂತೆ, ಬರೆಯುವುದಕ್ಕೆ ಇಲ್ಲದಂತೆ, ಜೋಡಿಸಿದನು. ತೆರೆದು ನೋಡಿದರೆ ಅಲ್ಲಿ ಒಂದು ಕಡತಪೆಟ್ಟಿಗೆ ಇತ್ತು, ಅದಕ್ಕೆ ಹೆಸರಿರಲಿಲ್ಲ. ಅದನ್ನು ಒತ್ತಿದನು. ಒಳಗೆ ತಾಯಿಯವರ 214 ಪದಗಳೂ, ಧ್ವನಿಯೂ, ಒಂದೂ ಕೆಡದೆ ಕುಳಿತಿದ್ದವು. ಅವನು ಒಂದನ್ನು ಹಾಡಿಸಿದನು. ನಡುಮನೆಯಲ್ಲಿ ತಾಯಿಯ ಧ್ವನಿ ಕೇಳಿದೊಡನೆ ನನ್ನ ಪತ್ನಿಯು ಸೆರಗಿನಿಂದ ಕಣ್ಣನ್ನು ಒರೆಸಿಕೊಂಡು ಒಳಗೆ ಹೋದಳು.

ಆದುದೇನೆಂಬುದನ್ನು ಹುಡುಗನು ಹೀಗೆ ತಿಳಿಸಿದನು. ಆ ಕಾಲದಲ್ಲಿ ಪೆನ್‌ಡ್ರೈವುಗಳ ಮೂಲಕ ಹರಡುತ್ತಿದ್ದ ‘ಗಾಮರೂ’ ಎಂಬ ಒಂದು ರೋಗದ ಲಕ್ಷಣ ಇದು. ಅದು ಕಡತಗಳನ್ನು ನಾಶಮಾಡುವುದಿಲ್ಲ. ಎಲ್ಲವನ್ನೂ ಒಂದು ಪೆಟ್ಟಿಗೆಗೆ ದೂಡಿ, ಆ ಪೆಟ್ಟಿಗೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಅಕ್ಷರವನ್ನು ಹೆಸರಾಗಿ ಇಟ್ಟು, ‘ಇದನ್ನು ತೋರಿಸಬೇಡ’ ಎಂಬ ಗುರುತನ್ನು ಹಚ್ಚುತ್ತದೆ. ಬಾಗಿಲಲ್ಲಿ ಒಂದು ಸುಳ್ಳು ಗುರುತನ್ನು ನಿಲ್ಲಿಸುತ್ತದೆ. ಮನೆಯವನು ಅದನ್ನು ಒತ್ತಿದರೆ ಕಡತಗಳೂ ಕಾಣುತ್ತವೆ, ಹಿಂದಿನಿಂದ ರೋಗವೂ ಒಳಗೆ ನುಗ್ಗುತ್ತದೆ. ನಿವಾರಕವು ಸುಳ್ಳು ಗುರುತನ್ನು ತೆಗೆದುಹಾಕಿದಾಗ ಒಳಗೆ ಹೋಗುವ ದಾರಿಯೇ ಹೋದಂತಾಗಿ, ಡಿಸ್ಕು ಬರಿದಾಗಿ ತೋರಿತು. ‘ತೋರಿಸಬೇಡ’ ಎಂಬ ಆ ಗುರುತು ವಿಂಡೋಸಿನ ಪದ್ಧತಿ. ಲಿನಕ್ಸು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ತನ್ನದೇ ಬೇರೆ ಪದ್ಧತಿ, ಹೆಸರಿನ ಮೊದಲಿಗೆ ಒಂದು ಚುಕ್ಕೆ ಇದ್ದರೆ ಮಾತ್ರ ಮರೆಮಾಡುತ್ತದೆ. ಆದುದರಿಂದ ಒಬ್ಬನಿಗೆ ಬಚ್ಚಿಟ್ಟುದು ಇನ್ನೊಬ್ಬನಿಗೆ ಬಟ್ಟಬಯಲು.

ಕಡತಗಳು ಇದ್ದಲ್ಲಿಯೇ ಇದ್ದು ವಿಳಾಸ ಮಾತ್ರ ಬದಲಾಯಿತೆಂಬುದು ನಮ್ಮ ತಾಲ್ಲೂಕಿನವರಿಗೆ ಬೇಗನೆ ತಿಳಿಯತಕ್ಕ ಮಾತು. ನಮ್ಮ ಊರು 1953ರವರೆಗೆ ಮದರಾಸಿನ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಮೇಲೆ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ದಾವಣಗೆರೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಿಂದ ವಿಜಯನಗರ ಜಿಲ್ಲೆಯದಾಗಿದೆ. ಇಷ್ಟು ವಲಸೆಯಲ್ಲಿ ನಮ್ಮ ಮನೆಯ ಒಂದು ಕಲ್ಲೂ ಕದಲಿಲ್ಲ. ಡಿಸ್ಕಿನಲ್ಲಿಯೂ ಹಾಗೆಯೇ, ಒಂದೇ ಡಿಸ್ಕಿನೊಳಗೆ ಕಡತವನ್ನು ಸರಿಸಿದರೆ ರಿಜಿಸ್ಟರಿನ ಒಂದು ಸಾಲು ಬದಲಾಗುತ್ತದೆಯೇ ಹೊರತು ಕಡತವು ಇದ್ದಲ್ಲಿಯೇ ಇರುತ್ತದೆ.

ಇನ್ನು ರೋಗ ಎಲ್ಲೆಲ್ಲಿದೆ ಎಂದು ನೋಡಬೇಕಷ್ಟೆ. ಹುಡುಗನು ಅದಕ್ಕೆ ಲಿನಕ್ಸಿನಲ್ಲಿ ‘ಕ್ಲ್ಯಾಮ್‌ಎವಿ’ ಎಂಬುದನ್ನು ಉಪಯೋಗಿಸಿದನು. ಇದು 2002ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಒಂದು ಪರೀಕ್ಷಕ. ಇದೂ ಹಣವಿಲ್ಲದೆ ದೊರೆಯುತ್ತದೆ. ಮೊದಲು ರೋಗಗಳ ಪಟ್ಟಿಯನ್ನು ಆ ದಿನದವರೆಗೆ ಹೊಸದಾಗಿ ತರಿಸಿಕೊಂಡನು. ಹಳೆಯ ಪಟ್ಟಿಯಿಂದ ಹೊಸ ಕಳ್ಳನನ್ನು ಹಿಡಿಯಲಾಗದು. ಅನಂತರ ಪರೀಕ್ಷಕನನ್ನೇ ಪರೀಕ್ಷಿಸಿದನು. ‘ಐಕಾರ್’ ಎಂಬ 68 ಅಕ್ಷರಗಳ ಒಂದು ನಿರುಪದ್ರವಿ ಕಡತವುಂಟು; ನಿವಾರಕಗಳು ನಿಜವಾಗಿ ಎಚ್ಚರವಾಗಿವೆಯೆ ಎಂದು ನೋಡುವುದಕ್ಕಾಗಿಯೇ ಅದನ್ನು ಮಾಡಿದ್ದಾರೆ. ಅದನ್ನು ಕಂಡು ಕ್ಲ್ಯಾಮ್‌ಎವಿ ಕೂಗಿತು. ನಾಯಿ ಬೊಗಳುತ್ತದೆಂದು ಖಚಿತವಾದ ಮೇಲೆ ಡಿಸ್ಕನ್ನೂ, ವಿಂಡೋಸಿನ ಭಾಗವನ್ನೂ, ಮನೆಯಲ್ಲಿದ್ದ ಪೆನ್‌ಡ್ರೈವುಗಳನ್ನೂ ಅದಕ್ಕೆ ಒಪ್ಪಿಸಿ ಮಲಗಿದೆವು. ಕೆಲಸವು ರಾತ್ರಿಯೆಲ್ಲ ನಡೆಯಿತು.

“ವಿಂಡೋಸಿನಲ್ಲಿಯೇ ನಿವಾರಕ ಇರುವಾಗ ಇದೇಕೆ?” ಎಂದು ಮಲಗುವ ಮುನ್ನ ಕೇಳಿದೆನು. ಅವನ ಉತ್ತರ ಚೆನ್ನಾಗಿತ್ತು. ಕೆಲವು ರೋಗಗಳು ಯಜಮಾನನ ಕಿವಿಯಲ್ಲಿಯೇ ಮನೆ ಮಾಡಿಕೊಂಡಿರುತ್ತವೆ. ನಿವಾರಕವು ‘ಈ ಕಡತವನ್ನು ತೋರಿಸು’ ಎಂದು ಯಜಮಾನನನ್ನೇ ಕೇಳಬೇಕು. ಅವನ ಕಿವಿ ಹಿಡಿದವನು ‘ಅಂಥದು ಇಲ್ಲವೆನ್ನು’ ಎಂದು ಹೇಳಿಕೊಡುತ್ತಾನೆ. ಆ ಯಜಮಾನನು ಮಲಗಿರುವಾಗ ಕಳ್ಳನೂ ಮಲಗಿರುತ್ತಾನೆ. ಏಕೆಂದರೆ ವಿಂಡೋಸಿಗಾಗಿ ಬರೆದ ರೋಗವು ಲಿನಕ್ಸಿನಲ್ಲಿ ಸಾಮಾನ್ಯವಾಗಿ ಕಣ್ಣು ಬಿಡಲಾರದು. ಆಗ ಹೊರಗಿನವನು ದೀಪ ಹಿಡಿದು ಮೂಲೆ ಮೂಲೆಯನ್ನೂ ನೋಡಬಹುದು. ಈ ಮಾತು ಮುಗಿಯುವಷ್ಟರಲ್ಲಿ ನನಗೆ ಹರಿಗೋಲೂ, ತಂದೆಯವರೂ, ಎಮ್ಮೆಯ ಗೂಟವೂ ಕಣ್ಣಮುಂದೆ ನಿಂತಂತಾಯಿತು.

ಬೆಳಗಾಗೆದ್ದು ಪಟ್ಟಿಯನ್ನು ನೋಡಿದೆವು. ಒಟ್ಟು ಒಂಬತ್ತು ಕಡತಗಳ ಮೇಲೆ ದೂರು ಬಂದಿತ್ತು. ಹುಡುಗನು ಒಂದನ್ನೂ ಅಳಿಸಲಿಲ್ಲ. ಅನುಮಾನ ಬಂದವರನ್ನೆಲ್ಲ ಗಲ್ಲಿಗೇರಿಸುವುದು ನ್ಯಾಯವಲ್ಲವೆಂದನು. ಮತ್ತೊಂದು ಪರೀಕ್ಷಕದಿಂದ ಅವನ್ನು ನೋಡಿದಾಗ ಒಂದು ನಿರಪರಾಧಿಯೆಂದು ತೋರಿತು. ಆ ಬಳಿಕ ತಾಯಿಯವರ ಕಡತಗಳನ್ನು ಬೇರೆ ಡಿಸ್ಕಿಗೆ ಪ್ರತಿ ಮಾಡಿ, ಉಳಿದ ಎಂಟನ್ನು ಒಂದು ಕಡೆ ಪ್ರತ್ಯೇಕವಾಗಿ ಇರಿಸಿದೆವು.

ಆ ಎಂಟರಲ್ಲಿ ನನ್ನನ್ನು ಬೆಚ್ಚಿಸಿದುದು ಎರಡು. ಅವು ಇದ್ದುದು ಪೇಟೆಗೆ ಹೋಗಿಬಂದ ಡಿಸ್ಕಿನಲ್ಲಿ ಅಲ್ಲ. ಮನೆಯ ಕಪಾಟನ್ನು ಬಿಟ್ಟು ಎಲ್ಲಿಗೂ ಹೋಗದ ಒಂದು ಪೆನ್‌ಡ್ರೈವಿನಲ್ಲಿ. ಅದಕ್ಕೆ ಆರು ವಾರಗಳ ಹಿಂದೆ, ಬಂಧುಗಳ ಮನೆಯ ಮದುವೆಯ ಚಿತ್ರಗಳನ್ನು ತುಂಬಿಕೊಂಡಿದ್ದೆನು. ಆ ಚಿತ್ರಗಳು ಹೆಸರಿಲ್ಲದ ಒಂದು ಪೆಟ್ಟಿಗೆಯಲ್ಲಿಯೇ ಇದ್ದವು ಎಂಬುದು ಆಗ ನೆನಪಾಯಿತು. ಗಡಿಬಿಡಿಯಲ್ಲಿ ಹೆಸರಿಡುವುದನ್ನು ಮರೆತಿದ್ದಾರೆಂದು ನಕ್ಕು, ಲಿನಕ್ಸಿನಲ್ಲಿ ಕುಳಿತೇ, ಕಂಡುದನ್ನೆಲ್ಲ ಹಾಗೆಯೇ ಪಡಸಾಲೆಯ ಡಿಸ್ಕಿಗೂ ಸುರಿದಿದ್ದೆನು. ಲಿನಕ್ಸಿಗೆ ಏನೂ ಆಗಲಿಲ್ಲ. ನನಗೆ ಒಂದು ಸೀನೂ ಬರಲಿಲ್ಲ. ಅದೇ ಡಿಸ್ಕನ್ನು ಅಂಗಡಿಯವನ ವಿಂಡೋಸಿಗೆ ಚುಚ್ಚಿದೆನು. ಅವನು ಬಾಗಿಲಲ್ಲಿ ನಿಂತ ಸುಳ್ಳು ಗುರುತನ್ನು ನಂಬಿ ಒತ್ತಿದನು. ಅಂಗಡಿಯ ಹೊಲಸು ನಮ್ಮ ಮನೆಗೆ ಬಂದುದಲ್ಲ. ನಮ್ಮ ಮನೆಯ ಹೊಲಸನ್ನು ನಾನೇ ಚೀಲದಲ್ಲಿ ಕಟ್ಟಿಕೊಂಡು ಅವನ ಅಂಗಡಿಗೆ ಹೋಗಿದ್ದೆನು. ಕೊರೆದುಹೋದುದು ನಾನು ನಿಂತ ದಂಡೆ.

ಸೋಮವಾರ ಮೊದಲನೆಯ ಬಸ್ಸಿಗೆ ಹುಡುಗನನ್ನು ಕರೆದುಕೊಂಡು ಪೇಟೆಗೆ ಹೋದೆನು. ಅಂಗಡಿಯವನ ಯಂತ್ರವು ಮೂರು ದಿನಗಳಿಂದ ಕೆಟ್ಟು ಕುಳಿತಿತ್ತು. ಪೆನ್‌ಡ್ರೈವು ತಂದ ಗಿರಾಕಿಗಳೆಲ್ಲ ಬೈದು ಹೋಗಿದ್ದರು. ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿ ಕ್ಷಮೆಯನ್ನು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಬೈದವರು ಬಹಳ ಮಂದಿ; ತಿರುಗಿ ಬಂದವರು ನೀವೊಬ್ಬರೇ. ಕೂತ್ಕೊಳ್ಳಿ” ಎಂದು ಚಹಾ ತರಿಸಿದನು. ಹುಡುಗನು ತಂದಿದ್ದ ಲಿನಕ್ಸಿನ ತಟ್ಟೆಯಿಂದ ಆ ಯಂತ್ರವನ್ನು ಎಬ್ಬಿಸಿ, ಸಾಯಂಕಾಲದವರೆಗೆ ಕುಳಿತು ಅದನ್ನೂ ಶೋಧಿಸಿಕೊಟ್ಟನು. ಪುಸ್ತಕವು ಅದೇ ಅಂಗಡಿಯಲ್ಲಿ, ವರ್ಷಾಂತಿಕಕ್ಕೆ ಎರಡು ದಿನ ಮೊದಲು ಸಿದ್ಧವಾಯಿತು. ಮದುವೆಯ ಮನೆಯವರಿಗೂ, ನಾನು ಚಿತ್ರಗಳ ಪ್ರತಿಯನ್ನು ಕೊಟ್ಟಿದ್ದ ಇನ್ನಿಬ್ಬರಿಗೂ ತಿಳಿಸಿದೆನು. ಒಬ್ಬರ ಯಂತ್ರದಲ್ಲಿ ರೋಗವು ಆಗಲೇ ಬೇರೂರಿತ್ತು.

ಗಾಮರೂವನ್ನು ಹರಡುತ್ತಿದ್ದ ‘ಆಂಡ್ರೊಮೆಡ’ ಎಂಬ ಜಾಲವನ್ನು ಹಲವು ದೇಶಗಳ ಪೋಲೀಸರು ಕೂಡಿ 2017ರ ನವೆಂಬರ್ 29ರಂದು ಕಿತ್ತುಹಾಕಿದರು. ಆದರೆ ಒಂದು ಕಳೆ ಹೋದರೆ ಇನ್ನೊಂದು ಹುಟ್ಟುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬುದು ಯಂತ್ರಗಳ ನಡುವಿನ ಹಂಚಿಕೆಯ ದಾರಿಯನ್ನೇ ಹಿಡಿದು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳಿಗೆ ಬೀಗ ಹಾಕಿತು. ಅದೇ ತಿಂಗಳಲ್ಲಿ, ಲಿನಕ್ಸು ತನ್ನ ಡ್ರೈವುಗಳನ್ನು ವಿಂಡೋಸಿನವರೊಡನೆ ಹಂಚಿಕೊಳ್ಳಲು ಬಳಸುವ ‘ಸಾಂಬಾ’ದಲ್ಲಿಯೇ ಏಳು ವರ್ಷಗಳಿಂದ ಇದ್ದ ಒಂದು ಬಿರುಕು ಬಯಲಾಯಿತು. ಆದುದರಿಂದ ಲಿನಕ್ಸಿಗೆ ರೋಗವೇ ಇಲ್ಲವೆಂಬ ಗರ್ವವೂ ಸಲ್ಲದು.

ಎರಡು ವ್ಯವಸ್ಥೆಗಳನ್ನು ಇಟ್ಟುಕೊಂಡ ಮನೆಯವರಿಗೆ ಅನುಭವದಿಂದ ಕೆಲವು ಮಾತುಗಳನ್ನು ಹೇಳುತ್ತೇನೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ, ಯಂತ್ರವನ್ನು ಆರಿಸಿದರೂ ವಿಂಡೋಸು ಬೇಗ ಏಳುವ ಆಸೆಯಿಂದ ಅರೆನಿದ್ದೆಯಲ್ಲಿರುತ್ತದೆ. ಆಗ ಹೊರಗಿನವನು ಅದರ ಭಾಗದಲ್ಲಿ ಬರೆಯಹೋದರೆ ಲೆಕ್ಕಗಳು ಕೆಡುತ್ತವೆ. ಮೊದಲು ಅದನ್ನು ಪೂರ್ಣವಾಗಿ ಮಲಗಿಸಬೇಕು. ಬೀಗಮುದ್ರೆ ಹಾಕಿದ ಡಿಸ್ಕನ್ನು ಕೀಲಿಕೈ ಇಲ್ಲದೆ ಓದಲಾಗದು. ವಿಂಡೋಸಿನ ಸ್ವಂತ ಕಡತಗಳ ಮೇಲೆ ದೂರು ಬಂದರೆ ಲಿನಕ್ಸಿನಿಂದ ಅಳಿಸಬಾರದು. ಕಂಬವನ್ನು ಗೆದ್ದಲು ತಿಂದಿದೆಯೆಂದು ಕಿತ್ತರೆ ಮಾಡು ಬೀಳುತ್ತದೆ. ಅಲ್ಲದೆ, ಯಂತ್ರವು ಎದ್ದಿರುವಾಗ ಅದರ ನೆನಪಿನಲ್ಲಿ ಮಾತ್ರ ಇರುವ ರೋಗವು ಹೊರಗಿನವನಿಗೆ ಕಾಣದು. ಆದುದರಿಂದ ಒಳಗಿನ ನಿವಾರಕವೂ ಬೇಕು, ಹೊರಗಿನ ಪರೀಕ್ಷಕವೂ ಬೇಕು. ಎಲ್ಲಕ್ಕೂ ಮೇಲಾಗಿ, ಮುಖ್ಯವಾದುದರ ಪ್ರತಿಯು ಒಂದಕ್ಕಿಂತ ಹೆಚ್ಚು ಕಡೆ ಇರಬೇಕು. ತಾಯಿಯವರ ಪದಗಳು ಈಗ ಮೂರು ಮನೆಗಳಲ್ಲಿವೆ.

ಪಡಸಾಲೆಯ ಡಿಸ್ಕನ್ನು ನಾವು ಈಗಲೂ ಪ್ರತಿ ತಿಂಗಳೂ ಲಿನಕ್ಸಿನಿಂದ ಶೋಧಿಸುತ್ತೇವೆ. ಅದರಿಂದ ಲಿನಕ್ಸಿಗೆ ದೊಡ್ಡ ಪ್ರಯೋಜನವೇನೂ ಇಲ್ಲ. ಆ ರೋಗಗಳಲ್ಲಿ ಹೆಚ್ಚಿನವು ಅದನ್ನು ಮುಟ್ಟಲಾರವು. ಆದರೆ ತನಗೆ ತಾಗದ ರೋಗವನ್ನು ಹೊತ್ತು ನಾಲ್ಕು ಮನೆಗೆ ಹಂಚುವವನು ತಾನು ಆರೋಗ್ಯವಂತನೆಂದು ಹೇಳಿಕೊಂಡರೆ ಸಾಲದು. ಹುಡುಗನು ಈಗ ಬೆಂಗಳೂರಿನಲ್ಲಿದ್ದಾನೆ. ಆ ಕೆಲಸವನ್ನು ನಾನೇ ಮಾಡುತ್ತೇನೆ. ಸಂಜೆ ಆರಂಭಿಸಿ ಬಿಟ್ಟು, ಹೊಳೆಯ ಕಡೆಗೆ ಒಂದಿಷ್ಟು ನಡೆದುಬರುತ್ತೇನೆ. ನೀರು ಇಳಿದಿರುವ ದಿನಗಳಲ್ಲಿ ಆಚೆಯ ದಂಡೆಯಲ್ಲಿ ಯಾರಾದರೂ ಎಮ್ಮೆ ಮೇಯಿಸುತ್ತಿರುತ್ತಾರೆ. ಅವರ ಕಾಲ ಕೆಳಗೆ ಹೊಳೆ ಎಲ್ಲೆಲ್ಲಿ ಕೊರೆದಿದೆ ಎಂಬುದು ನನಗೆ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ನನ್ನ ಕಾಲ ಕೆಳಗಿನದು ಅವರಿಗೆ ಕಾಣುತ್ತಿರಬೇಕು.